ಇಪ್ಪತ್ತಮೂರಕ್ಕೆ ನಿಂತ ಎಣಿಕೆ

ಸಂಜೆ ಐದೂವರೆಗೆ ಪಿಸುಮಾತಕ್ಕನ ಪೆನ್ಸಿಲಿನ ಮೊನೆ ಮುರಿಯಿತು. ನಿನ್ನೆ ಯಾವ ನಟ ಯಾವ ಮಾತಿನಲ್ಲಿ ಎಡವಿದ್ದನೋ ಅಲ್ಲೆಲ್ಲ ನಾಟಕದ ಪ್ರತಿಯಲ್ಲಿ ಅಡ್ಡಗೆರೆ ಎಳೆದಿಡುವುದು ಅವಳ ದಿನದ ಮೊದಲ ಕೆಲಸ. ಅವಳು ಆ ರಂಗಮಂದಿರದ ಪ್ರಾಂಪ್ಟರ್. ವೇದಿಕೆಯ ಮೇಲಿದ್ದವರಿಗೆ ಮಾತು ಮರೆತರೆ ಪಕ್ಕದ ಪರದೆಯ ಮರೆಯಿಂದ ಮೆಲ್ಲಗೆ ಎತ್ತಿಕೊಡುವವಳು. ಹದಿನೈದು ವರ್ಷದಿಂದ ಅದೇ ಸ್ಟೂಲು, ಅದೇ ಪುಟ್ಟ ದೀಪ. ನಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ಪಿಸುಮಾತಕ್ಕ.

ಬ್ಲೇಡು ಕೇಳೋಣವೆಂದು ಅವಳು ಟಿಕೆಟ್ ಕೊಡುವ ಕಿಟಕಿಯ ಹತ್ತಿರ ಬಂದಳು. ಮುಂದಿನ ಹಜಾರದ ತುಂಬ ಶಾಲೆಯ ಮಕ್ಕಳು. ನಲವತ್ತು ಜನ ಇರಬಹುದು. ತಲೆಗೆ ನೀರು ಹಚ್ಚಿ ಬಾಚಿಕೊಂಡು, ಇಸ್ತ್ರಿಯ ಗೆರೆ ಮುರಿಯಬಾರದೆಂದು ಕಾಲು ಅಗಲಿಸಿ ನಡೆಯುತ್ತಿದ್ದರು.

"ಸಾಲು! ಸಾಲು! ಕುರಿಮಂದೆ ಬಂದಂಗೆ ಬರಬೇಡ್ರಿ!"

ಪಿಸುಮಾತಕ್ಕನ ಕೈ ಕಿಟಕಿಯ ಕಂಬಿಯ ಮೇಲೇ ನಿಂತಿತು. ಕೂಗಿದವರು ಚಿಕ್ಕಂದಿನಲ್ಲಿ ಅವಳಿಗೆ ಪಾಠ ಹೇಳಿದ ಮೇಷ್ಟ್ರು. ಕೂದಲೆಲ್ಲ ಬೆಳ್ಳಗಾಗಿತ್ತು, ಕನ್ನಡಕಕ್ಕೆ ದಾರ ಬಂದಿತ್ತು. ಆದರೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಬೆನ್ನ ಹಿಂದೆ ಹಿಡಿದುಕೊಳ್ಳುವ ರೀತಿ ಬದಲಾಗಿರಲಿಲ್ಲ.

ಮೇಷ್ಟ್ರು ಗೋಡೆಯ ಮೇಲಿನ ಪೋಸ್ಟರ್ ಮುಂದೆ ನಿಂತರು. "ಏಯ್, ಎರಡು ಜಡೆ. ಬಾ ಇಲ್ಲಿ. ಏನ್ ನಾಟಕ ಅಂತ ಎಲ್ಲರಿಗೂ ಓದಿ ಹೇಳು."

ತೆಳ್ಳಗಿನ ಹುಡುಗಿಯೊಬ್ಬಳು ಮುಂದೆ ಬಂದಳು. "ನಿಂತ ಗಡಿಯಾರ" ಎಂದು ಓದಿದಳು. ಅದರ ಕೆಳಗಿನ ಸಾಲಿಗೆ ಬಂದು, "ನಿ... ನಿದೇ..." ಎಂದು ನಿಂತುಬಿಟ್ಟಳು.

"ನಿದ್ದೇನಾ? ನಿದ್ದೆ ಮನೇಲಿ ಮಾಡಮ್ಮಾ, ಇಲ್ಲಿ ಓದು."

ಮಕ್ಕಳು ನಕ್ಕರು. ಹುಡುಗಿ ತುಟಿ ಕಚ್ಚಿಕೊಂಡಳು.

"ಎಣಿಸ್ರೋ," ಎಂದರು ಮೇಷ್ಟ್ರು.

ಒಂದು, ಎರಡು, ಮೂರು. ನಲವತ್ತು ಬಾಯಿಗಳು ಒಟ್ಟಿಗೆ ಎಣಿಸತೊಡಗಿದವು. ಹದಿನಾಲ್ಕಕ್ಕೆ ಬಂದಾಗ ರಂಗಮಂದಿರದ ಮ್ಯಾನೇಜರ್ ಬಾಗಿಲು ತೆರೆದು, "ಬನ್ನಿ ಸರ್, ಬನ್ನಿ ಮಕ್ಕಳೇ" ಎಂದು ಹೊರಗೆ ಬಂದುದರಿಂದ ಹುಡುಗಿ ಪಾರಾದಳು.

ಪಿಸುಮಾತಕ್ಕನಿಗೆ ಬ್ಲೇಡು ಕೈಗೆ ಬಂದದ್ದೇ ಗೊತ್ತಾಗಲಿಲ್ಲ.

ಅವಳಿಗಾಗ ಒಂಬತ್ತು ವರ್ಷ. ಮೇಷ್ಟ್ರು ಆ ಶಾಲೆಗೆ ಹೊಸದಾಗಿ ಬಂದಿದ್ದರು, ತಿಳಿನೀಲಿ ಅಂಗಿ ಹಾಕುತ್ತಿದ್ದರು. ಪಾಠದಲ್ಲಿ 'ಕಾರ್ಖಾನೆ' ಎಂಬ ಶಬ್ದ ಬಂದಿತ್ತು. ಅಕ್ಷರದ ಆಚೆ ಬರೆದ ಅರ್ಕಾವೊತ್ತನ್ನು ಮೊದಲು ಓದಬೇಕೋ ಆಮೇಲೆ ಓದಬೇಕೋ ತಿಳಿಯದೆ ಅವಳು ನಿಂತಳು. ಮೇಷ್ಟ್ರು ಬೆಂಚಿನ ಮೇಲೆ ಹತ್ತಿಸಿ, ಓದುವವರೆಗೂ ಎಣಿಸಿ ಎಂದು ತರಗತಿಗೆ ಹೇಳಿದರು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ ಎಣಿಸಿದಳು. ಎಣಿಕೆ ನೂರಾ ಹದಿನೇಳಕ್ಕೆ ಬಂದಾಗ ಬೆಂಚಿನ ಮೇಲೆ ನಿಂತಲ್ಲೇ ಅವಳ ಲಂಗ ಒದ್ದೆಯಾಯಿತು. ಆಗ ಎಣಿಕೆ ನಿಂತು ನಗು ಶುರುವಾಯಿತು. ಮರುದಿನ ಅವಳು ಶಾಲೆಗೆ ಹೋಗಲಿಲ್ಲ. ಆಮೇಲೆ ಎಂದೂ ಹೋಗಲಿಲ್ಲ.

ಅವ್ವನ ಜೊತೆ ಇದೇ ರಂಗಮಂದಿರದಲ್ಲಿ ನಾಟಕದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾ ಬೆಳೆದಳು. ಕೇಳಿ ಕೇಳಿಯೇ ಎಲ್ಲರ ಮಾತೂ ಬಾಯಿಪಾಠವಾಗಿತ್ತು. ಹಳೆಯ ಪ್ರಾಂಪ್ಟರಿನ ಗಂಟಲು ಕೆಟ್ಟು ಬೇರೆಯವರು ಬೇಕಾದಾಗ ಎಲ್ಲರೂ ಅವಳ ಕಡೆಗೇ ನೋಡಿದರು. ಮೂವತ್ತರ ವಯಸ್ಸಿನಲ್ಲಿ ರಾತ್ರಿಶಾಲೆಗೆ ಸೇರಿ ಅಕ್ಷರ ಕಲಿತಳು. ಈಗ ಎಂಥ ಕೆಟ್ಟ ಬರವಣಿಗೆಯನ್ನೂ ಮಿಣುಕು ದೀಪದಲ್ಲಿ ಓದಬಲ್ಲಳು. ಆದರೂ 'ಕಾರ್ಖಾನೆ' ಎಂಬ ಶಬ್ದ ಕಂಡರೆ ಇವತ್ತಿಗೂ ಅದನ್ನು ಬಾಯಿಬಿಟ್ಟು ಓದುವುದಿಲ್ಲ.

ಶಾಲಾ ಮಕ್ಕಳ ಸಂಜೆಗಳಲ್ಲಿ ಅಲ್ಲೊಂದು ಪದ್ಧತಿಯಿತ್ತು. ಪರದೆ ಏಳುವ ಮೊದಲಿನ ಆರು ವಾಕ್ಯಗಳನ್ನು ಮಕ್ಕಳನ್ನು ಕರೆತಂದ ಗುರುಗಳೇ ವೇದಿಕೆಯ ಮೇಲೆ ಬಂದು ಹೇಳಬೇಕು. ತಮ್ಮ ಮೇಷ್ಟ್ರೇ ದೀಪದ ಬೆಳಕಿಗೆ ಬಂದರೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ವಾಕ್ಯಗಳನ್ನು ಬರೆದ ಚೀಟಿ ಒಂದು ವಾರ ಮೊದಲೇ ಶಾಲೆಗೆ ಹೋಗಿರುತ್ತದೆ.

ಪಿಸುಮಾತಕ್ಕ ಸ್ಟೂಲಿಗೆ ಮರಳುವಷ್ಟರಲ್ಲಿ ಮ್ಯಾನೇಜರ್ ಮೇಷ್ಟ್ರನ್ನು ಅಲ್ಲಿಗೇ ಕರೆತಂದಿದ್ದ.

"ಚೀಟಿ ಕೈಯಲ್ಲಿರಲಿ ಸರ್. ದೀಪ ಕಣ್ಣಿಗೆ ಹೊಡೆದ್ರೆ ಎಂಥೆಂಥವರಿಗೂ ಮರೆತುಹೋಗುತ್ತೆ."

"ಮೂವತ್ತೇಳು ವರ್ಷ ಪಾಠ ಹೇಳಿದೋನಿಗೆ ಆರು ಸಾಲಿಗೆ ಚೀಟೀನಾ? ನನ್ನ ಮಕ್ಕಳೇ ನಗ್ತಾರೆ ಕಣ್ರೀ." ಮೇಷ್ಟ್ರು ಚೀಟಿಯನ್ನು ಮಡಚಿ ಅವನ ಜೇಬಿಗೇ ತುರುಕಿದರು.

"ಹಂಗಾದ್ರೆ ಒಂದ್ ಕೆಲಸ ಮಾಡಿ. ಸಿಕ್ಕಿಹಾಕ್ಕೊಂಡ್ರೆ ಈ ಅಕ್ಕನ ಕಡೆ ಒಂದ್ಸಲ ನೋಡಿ. ಮಾತು ಸಿಗುತ್ತೆ."

ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಗುರುತು ಹತ್ತಲಿಲ್ಲ. "ಎಲ್ಲಿವರೆಗೆ ಓದಿದೀಯಮ್ಮಾ?"

"ನೂರಾ ಹದಿನೇಳರವರೆಗೆ."

"ಅಂದ್ರೆ?"

ಅಷ್ಟರಲ್ಲಿ ಮೊದಲನೇ ಗಂಟೆ ಹೊಡೆಯಿತು. ಮ್ಯಾನೇಜರ್ ಅವರನ್ನು ಪರದೆಯ ಮುಂದಕ್ಕೆ ಕರೆದುಕೊಂಡು ಹೋದ.

ಪಿಸುಮಾತಕ್ಕ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ದೀಪ ಹಚ್ಚಿದಳು. ಮರೀಲಿ, ಎಂದುಕೊಂಡಳು. ದೇವರೇ, ಒಂದೇ ಒಂದು ಮಾತು ಮರೀಲಿ. ಅವಳ ಕೆಲಸಕ್ಕೆ ಮೂರು ಉಸಿರಿನ ನಿಯಮವೊಂದಿತ್ತು. ನಟ ಸುಮ್ಮನಾದರೆ ಮೂರು ಉಸಿರು ಕಾಯಬೇಕು, ಏಕೆಂದರೆ ಕೆಲವು ಮೌನ ನಟನೆಯೇ ಆಗಿರುತ್ತದೆ. ಮೂರು ದಾಟಿದರೆ ಮುಂದಿನ ಸಾಲಿನ ಮೊದಲ ಮಾತನ್ನು ಮಾತ್ರ ಕೊಡಬೇಕು. ಇವತ್ತು ಮೂರಲ್ಲ, ನೂರಾ ಹದಿನೇಳು. ನಾಳೆ ಕೆಲಸ ಹೋದರೆ ಹೋಗಲಿ, ಇಸ್ತ್ರಿಪೆಟ್ಟಿಗೆ ಎಲ್ಲೂ ಓಡಿಹೋಗಿಲ್ಲ.

ದೀಪಗಳು ಮೇಷ್ಟ್ರ ಮೇಲೆ ಬಿದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು.

"ಬನ್ನಿ, ಕೂತುಕೊಳ್ಳಿ. ಬಾಗಿಲು ಹಾಕಿದೆ, ದೀಪ ಹೊತ್ತಿದೆ. ಇನ್ನೆರಡು ಗಂಟೆ ನಿಮ್ಮ ಕಣ್ಣು, ಕಿವಿ ನಮ್ಮವು." ಧ್ವನಿ ಖಣಖಣ ಎನ್ನುತ್ತಿತ್ತು. ಮೇಷ್ಟ್ರು ನಾಲ್ಕನೆಯ ವಾಕ್ಯಕ್ಕೆ ಬಾಯಿ ತೆರೆದರು. ಬಾಯಿ ತೆರೆದೇ ಉಳಿಯಿತು.

ಪಿಸುಮಾತಕ್ಕ ಉಸಿರು ಎಣಿಸತೊಡಗಿದಳು. ಒಂದು ಉಸಿರು. ಎರಡು. ಮೂರು. ನಾಲ್ಕನೆಯದಕ್ಕೆ ಮೇಷ್ಟ್ರ ಕಣ್ಣು ಅವಳ ಕಡೆ ಹೊರಳಿತು. ಅವಳು ಪ್ರತಿಯ ಮೇಲೆ ಅಂಗೈ ಮುಚ್ಚಿ, ಅವರನ್ನೇ ನೇರವಾಗಿ ನೋಡಿದಳು. ತುಟಿ ಅಲುಗಿಸಲಿಲ್ಲ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಬೆನ್ನ ಹಿಂದಿನ ಕೈ ಬಿಚ್ಚಿ, ಬೆರಳಾಡಿಸಿ ಸನ್ನೆ ಮಾಡಿದರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯಿತು. ಎದುರಿನ ಪರದೆಯ ಮರೆಯಲ್ಲಿ ಮ್ಯಾನೇಜರ್ ಹಣೆ ಚಚ್ಚಿಕೊಳ್ಳುತ್ತಾ ಅವಳಿಗೆ ಕೈ ಮುಗಿಯುತ್ತಿದ್ದ.

ನಿಲ್ಲಿ ಮೇಷ್ಟ್ರೇ, ನಿಲ್ಲಿ. ನಿಂತವರಿಗೆ ಹೇಗಿರುತ್ತೆ ನೋಡಿ.

"ಒಂದು."

ಧ್ವನಿ ಎರಡನೇ ಸಾಲಿನಿಂದ ಬಂತು. ಎಲ್ಲರಿಗಿಂತ ಸಣ್ಣ ಮಗು ಅದು. ಅದರ ಮುಖದಲ್ಲಿ ತುಂಟತನವಿರಲಿಲ್ಲ. ಅವರ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ಮಾತು ಬಾರದೆ ಹೋದರೆ ಎಣಿಸಬೇಕು, ಅಷ್ಟೇ ಅದಕ್ಕೆ ಗೊತ್ತಿದ್ದುದು.

"ಎರಡು," ಎಂದಿತು ಪಕ್ಕದ ಮಗು. ಐದಕ್ಕೆ ಬರುವಷ್ಟರಲ್ಲಿ ಸಾಲು ಸಾಲೇ ಸೇರಿಕೊಂಡಿತು. ಹಿಂದಿನ ಕುರ್ಚಿಗಳಲ್ಲಿದ್ದ ಪ್ರೇಕ್ಷಕರು ಇದೂ ನಾಟಕವೇ ಇರಬೇಕೆಂದು ನಕ್ಕರು. ಹತ್ತು, ಹನ್ನೊಂದು. ಮೇಷ್ಟ್ರ ಮುಖದ ರಕ್ತವೆಲ್ಲ ಇಳಿದುಹೋಯಿತು.

ಪಿಸುಮಾತಕ್ಕ ಕನಸಿನಲ್ಲೂ ಇಷ್ಟು ಬೇಡಿರಲಿಲ್ಲ. ತಾನೊಬ್ಬಳೇ ಮನಸ್ಸಿನಲ್ಲಿ ಎಣಿಸಬೇಕೆಂದಿದ್ದುದನ್ನು ಅವರ ಮಕ್ಕಳೇ ಬಾಯಿಬಿಟ್ಟು ಎಣಿಸುತ್ತಿದ್ದರು. ಮೂವತ್ತಾರು ವರ್ಷದಿಂದ ಒಣಗಿದ್ದ ಗಂಟಲಿಗೆ ನೀರು ಬಿದ್ದಂತಾಯಿತು. ಹದಿನೈದು. ಈ ಸಂತೋಷವನ್ನು ಹಂಚಿಕೊಳ್ಳಲು ಅವಳಿಗೆ ಒಬ್ಬರು ಬೇಕಿತ್ತು. ಎರಡು ಜಡೆಯ ಹುಡುಗಿಯನ್ನು ಕಣ್ಣಲ್ಲೇ ಹುಡುಕಿದಳು. ಅವಳೊಬ್ಬಳಾದರೂ ಹೊಟ್ಟೆ ತುಂಬ ನಗುತ್ತಿರಬೇಕು.

ಹುಡುಗಿ ಮೊದಲ ಸಾಲಿನ ತುದಿಯಲ್ಲಿದ್ದಳು. ನಗುತ್ತಿರಲಿಲ್ಲ, ಎಣಿಸುತ್ತಲೂ ಇರಲಿಲ್ಲ. ಎರಡೂ ಕಿವಿಗಳನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿ, ಮೊಣಕೈಗಳನ್ನು ಎದೆಗೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದಳು. ಒಂದೊಂದು ಅಂಕಿಗೂ ಅವಳ ಹೆಗಲು ಬೆಚ್ಚುತ್ತಿತ್ತು.

ಹತ್ತೊಂಬತ್ತು. ಇಪ್ಪತ್ತು.

ನಿಂತವರು ಮೇಷ್ಟ್ರು. ಪೆಟ್ಟು ಬೀಳುತ್ತಿದ್ದುದು ಅವಳಿಗೆ. ಮಾನ ಕಳೆದುಕೊಂಡ ಮನುಷ್ಯ ನಾಳೆ ಬೆಳಿಗ್ಗೆ ಅದೇ ತರಗತಿಗೆ ಹೋಗುತ್ತಾನೆ, ಇವತ್ತಿನ ಸಿಟ್ಟು ತೀರಿಸಿಕೊಳ್ಳಲು ಒಬ್ಬರನ್ನು ಎಬ್ಬಿಸುತ್ತಾನೆ. ಯಾರನ್ನು ಎಬ್ಬಿಸುತ್ತಾನೆ ಎನ್ನುವುದು ಆ ಹುಡುಗಿಗೂ ಗೊತ್ತಿತ್ತು, ಪಿಸುಮಾತಕ್ಕನಿಗೂ ಗೊತ್ತಾಯಿತು.

ಇಪ್ಪತ್ತೊಂದು. ಇನ್ನು ಸ್ವಲ್ಪ, ಇನ್ನು ಹತ್ತಾದರೂ ಆಗಲಿ ಎಂದು ಅವಳ ಒಳಗಿನ ಒಂಬತ್ತು ವರ್ಷದವಳು ಗೋಗರೆದಳು. ಇಪ್ಪತ್ತೆರಡು. ಇಪ್ಪತ್ತಮೂರು.

"ಗಡಿಯಾರ ರಿಪೇರಿ," ಎಂದಳು ಪಿಸುಮಾತಕ್ಕ.

ಮೇಷ್ಟ್ರ ಬಾಯಿಂದ ಮಾತು ಮುಗ್ಗರಿಸಿಕೊಂಡು ಹೊರಬಂತು. "ಗಡಿಯಾರ ರಿಪೇರಿ ಮಾಡುವವನೊಬ್ಬ ತನ್ನ ಕೈಗಡಿಯಾರವನ್ನೇ ಸರಿಮಾಡಲಾರದೆ ಕೂತ ಕಥೆ ಇದು..." ಮಕ್ಕಳ ಎಣಿಕೆ ನಿಂತಿತು. ಉಳಿದೆರಡು ವಾಕ್ಯಗಳೂ ಬಂದವು. ಆದರೆ ಮೊದಲಿನ ಖಣಖಣ ಧ್ವನಿ ಮತ್ತೆ ಬರಲಿಲ್ಲ. ಹುಡುಗಿ ಕಿವಿಯಿಂದ ಕೈ ತೆಗೆದಳು.

ನಾಟಕ ಮುಗಿದು ಮಕ್ಕಳು ಹೊರಗೆ ಹೋಗುತ್ತಿದ್ದಾಗ ಮ್ಯಾನೇಜರ್ ಮೊದಲು ಬಂದ. "ಏನಕ್ಕಾ, ಕಣ್ಣು ಬಿಟ್ಕೊಂಡೇ ನಿದ್ದೆ ಹೋಗಿದ್ರಾ? ನನ್ನ ಜೀವ ಬಾಯಿಗೆ ಬಂದಿತ್ತು!"

"ತಪ್ಪಾಯ್ತಪ್ಪ. ಇನ್ನೊಂದ್ಸಲ ಹಿಂಗಾದ್ರೆ ಕಳಿಸಿಬಿಡು," ಎಂದಳು. ಅವನು ಅವಳ ಮುಖ ನೋಡಿ ಮಾತು ಬೆಳೆಸದೆ ಹೋದ.

ಆಮೇಲೆ ಮೇಷ್ಟ್ರು ಬಂದರು. ಸ್ಟೂಲಿನ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

"ಬೇಕು ಅಂತಲೇ ಸುಮ್ಮನಿದ್ಯಲ್ವಾ?"

"ಹೌದು."

"ನಾನೇನಮ್ಮಾ ಮಾಡಿದ್ದೆ ನಿನಗೆ?"

"ಕಾರ್ಖಾನೆ," ಎಂದಳು. ಜೋರಾಗಿ ಆ ಶಬ್ದ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು. "ಬೆಂಚಿನ ಮೇಲೆ ನಿಲ್ಲಿಸಿದ್ರಿ. ನೂರಾ ಹದಿನೇಳರವರೆಗೆ ಎಣಿಸಿದ್ರು. ಆಮೇಲೆ ನಾನು ಶಾಲೆ ಬಾಗಿಲು ನೋಡಿಲ್ಲ."

ಮೇಷ್ಟ್ರು ಬಹಳ ಹೊತ್ತು ಅವಳ ಮುಖದಲ್ಲಿ ಹುಡುಕಿದರು. "ನೆನಪಿಲ್ಲಮ್ಮಾ. ಸುಳ್ಳು ಯಾಕೆ ಹೇಳಲಿ. ಎಷ್ಟೋ ಮಕ್ಕಳು."

"ನನಗೆ ನಿಮ್ಮ ಅಂಗಿ ಗುಂಡೀನೂ ನೆನಪಿದೆ."

"ನೋಡು," ಎಂದರು ಮೇಷ್ಟ್ರು. ಧ್ವನಿ ಸ್ವಲ್ಪ ಏರಿತು. "ಒಂದು ಕೋಣೇಲಿ ಅರವತ್ತು ಮಕ್ಕಳು. ಒಬ್ಬೊಬ್ಬರನ್ನ ಕೂರಿಸ್ಕೊಂಡು ತಲೆ ಸವರೋಕೆ ಹೊತ್ತಿತ್ತಾ? ನಮ್ಮ ಮೇಷ್ಟ್ರು ನಮಗೆ ಕೋಲಲ್ಲಿ ಹೊಡೀತಿದ್ರು. ನಾನು ಕೋಲು ಮುಟ್ಟಲಿಲ್ಲ. ಎಣಿಸಿದ್ರೆ ನಾಚಿಕೆಗಾದ್ರೂ ಓದ್ತಾರೆ ಅಂದ್ಕೊಂಡೆ. ಹಂಗೆ ಓದಿ ಮುಂದೆ ಬಂದೋರೂ ಇದಾರೆ."

"ಇರಬಹುದು. ಇಲ್ಲ ಅನ್ನಲ್ಲ. ಇವತ್ತು ನಿಮಗೆ ಎಣಿಸಿದ್ರಲ್ಲ, ಮಾತು ನೆನಪಾಯ್ತಾ?"

ಮೇಷ್ಟ್ರು ವೇದಿಕೆಯ ಕಡೆ ತಿರುಗಿದರು. ವೇದಿಕೆಯ ದೀಪಗಳನ್ನು ಯಾರೋ ಒಂದೊಂದಾಗಿ ಆರಿಸುತ್ತಿದ್ದರು.

"ಇಲ್ಲ," ಎಂದರು ಕೊನೆಗೆ. "ಇದ್ದಿದ್ದೂ ಹೋಯ್ತಮ್ಮಾ. ನನ್ನ ಹೆಸರು ಕೇಳಿದ್ರೂ ಹೇಳ್ತಿರಲಿಲ್ಲ."

ಪಿಸುಮಾತಕ್ಕ ಪ್ರತಿಯನ್ನು ಮಡಚಿದಳು.

"ಮತ್ತೆ ಯಾಕೆ ಎತ್ತಿಕೊಟ್ಟೆ? ಇನ್ನೂ ನಿಲ್ಲಿಸಬಹುದಿತ್ತಲ್ಲ."

"ನಿಮಗೆ ಕೊಟ್ಟಿದ್ದಲ್ಲ. ಎರಡು ಜಡೆ ಹುಡುಗಿ ಕಿವಿ ಮುಚ್ಕೊಂಡಿದ್ಲು. ನಾನೂ ಹಂಗೇ ಮುಚ್ಕೊಂಡಿದ್ದೆ."

"ಕ್ಷಮಿಸು ಅಂತ ಕೇಳಲಾ?"

"ಕೇಳಬೇಡಿ. ಕೊಡೋಕೆ ಇನ್ನೂ ನನ್ನ ಹತ್ರ ಇಲ್ಲ."

ಮೇಷ್ಟ್ರು ತಲೆಯಾಡಿಸಿದರು. ಹೋಗುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲಿಲ್ಲ. ಅವು ಎರಡೂ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದಂತೆ ಜೋತುಬಿದ್ದಿದ್ದವು.

ಬ್ಲೇಡನ್ನು ಹಿಂದಿರುಗಿಸಲು ಪಿಸುಮಾತಕ್ಕ ಟಿಕೆಟ್ ಕಿಟಕಿಗೆ ಬಂದಾಗ ಮಕ್ಕಳು ಹೊರಗಿನ ಮೆಟ್ಟಿಲಿನ ಮೇಲೆ ಬಸ್ಸಿಗೆ ಸಾಲು ನಿಂತಿದ್ದರು. ಪೋಸ್ಟರಿನ ಮುಂದೆ ಎರಡು ಜಡೆಯ ಹುಡುಗಿ ಒಬ್ಬಳೇ ನಿಂತು, ಯಾರಿಗೂ ಕಾಣದಂತೆ, ತಾನು ಎಡವಿದ್ದ ಸಾಲಿನ ಕೆಳಗೆ ಬೆರಳಿಟ್ಟು ತುಟಿ ಅಲುಗಿಸುತ್ತಿದ್ದಳು. ಹಿಂದೆ ಮೇಷ್ಟ್ರ ಹೆಜ್ಜೆ ಕೇಳಿದೊಡನೆ ಬೆರಳನ್ನು ಸುಟ್ಟುಕೊಂಡವಳಂತೆ ಎಳೆದುಕೊಂಡಳು.

ಪಿಸುಮಾತಕ್ಕ ಅಲ್ಲೇ ನಿಂತಳು. ಮೇಷ್ಟ್ರು ಪೋಸ್ಟರನ್ನು ನೋಡಿದರು, ಹುಡುಗಿಯನ್ನು ನೋಡಿದರು. ಒಂದು ಉಸಿರು. ಎರಡು. ಮೂರು.

"ನಿರ್," ಎಂದರು ಮೆಲ್ಲಗೆ. ಅಷ್ಟೇ ಹೇಳಿ ಸುಮ್ಮನಾದರು.

ಹುಡುಗಿ ನಂಬದೆ ಅವರ ಮುಖ ನೋಡಿದಳು. ಬೆರಳು ಮತ್ತೆ ನಿಧಾನವಾಗಿ ಪೋಸ್ಟರಿಗೆ ಹೋಯಿತು. "ನಿರ್... ನಿರ್..."

ಮಕ್ಕಳ ಸಾಲಿನಿಂದ "ಒಂದು" ಎಂಬ ಧ್ವನಿ ಏಳುತ್ತಿದ್ದಂತೆ ಮೇಷ್ಟ್ರು ತಿರುಗಿ ನೋಡದೆಯೇ ಕೈ ಎತ್ತಿದರು. ಧ್ವನಿ ಅಲ್ಲೇ ನಿಂತಿತು.

"ನಿರ್ದೇಶನ," ಎಂದಳು ಹುಡುಗಿ. ಅಲ್ಲಿಗೇ ನಿಲ್ಲಿಸಲಿಲ್ಲ. ಯಾರೂ ಕೇಳದಿದ್ದರೂ ಅದರ ಕೆಳಗಿನ ಸಾಲಿಗೆ ಹೋದಳು. "ಬೆ... ಬೆಳಕು. ವಸ್... ವಸ್ತ್ರ..."

ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದು ಕಿಟಕಿಯಿಂದ ತಲೆ ಹೊರಹಾಕಿದ. "ಸಾರ್, ಹೊತ್ತಾಯ್ತು!"

"ಸ್ವಲ್ಪ ತಡಿಯಪ್ಪಾ," ಎಂದರು ಮೇಷ್ಟ್ರು. "ಓದ್ತಾ ಇದಾಳೆ."

ಪಿಸುಮಾತಕ್ಕ ಬ್ಲೇಡನ್ನು ಕಿಟಕಿಯೊಳಗೆ ಸರಿಸಿ, ಪೋಸ್ಟರಿನ ಕೊನೆಯ ಸಾಲು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.