ಬಸ್ಸು ಒಂದೇ, ಮೇಜರ್ ಬೇರೆ

ಹರಿಹರದ ಹತ್ತಿರದ ಕೊಂಡಜ್ಜಿಯಿಂದ ಬೆಳಿಗ್ಗೆ ದಾವಣಗೆರೆಗೆ ಹೊರಡುವ ಬಸ್ಸಿನಲ್ಲಿ ರಶ್ಮಿತಾ ಮತ್ತು ಶಾಹಿಸ್ತಾ ಎರಡು ವರ್ಷದಿಂದ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಇಬ್ಬರೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದುವವರು. ಇಬ್ಬರದೂ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ರಶ್ಮಿತಾಳ ಅಪ್ಪ ಸಣ್ಣತಿಮ್ಮಪ್ಪ ಮಗಳನ್ನು ಅಷ್ಟು ದೂರದ ಕ್ಯಾಂಪಸ್ಸಿಗೆ ಕಳಿಸಲು ಒಪ್ಪಿದ್ದೇ ಈ ಜೋಡಿಯನ್ನು ನಂಬಿ. "ಶಾಹಿಸ್ತಾ ಜತಿಗೆ ಹೋಗು, ಶಾಹಿಸ್ತಾ ಜತಿಗೆ ಬಾ" ಎಂದು ಕಾಲೇಜಿಗೆ ಸೇರಿಸುವಾಗಲೇ ಹೇಳಿದ್ದ.

ಈಗ ಮೂರನೇ ವರ್ಷ ಬಂತು. ಓದುತ್ತಿರುವ ಎರಡು ವಿಷಯಗಳಲ್ಲಿ ಒಂದನ್ನು ಮೇಜರ್ ಎಂದು ಆರಿಸಿಕೊಳ್ಳಬೇಕು. ಮೇಜರ್ ಅಂದರೆ ಮುಖ್ಯ ವಿಷಯ. ಇನ್ನು ಮೇಲೆ ಹೆಚ್ಚಿನ ಪಾಠ, ಹೆಚ್ಚಿನ ಪ್ರಾಕ್ಟಿಕಲ್ ಅದರಲ್ಲೇ. ಇನ್ನೊಂದು ಮೈನರ್ ಆಗಿ ಜೊತೆಗಿರುತ್ತದೆ. ಆಯ್ಕೆ ತಿಳಿಸಲು ಶನಿವಾರ ಕೊನೆ ದಿನ.

ಸಣ್ಣತಿಮ್ಮಪ್ಪ ಅಂಗಳದಲ್ಲಿ ಕೂತು ಔಷಧಿ ಹೊಡೆಯುವ ಪಂಪಿನ ಮೂತಿ ಬಿಚ್ಚಿ ತೊಳೆಯುತ್ತಿದ್ದ. ಮಗಳು ವಿಷಯ ಹೇಳಿದಳು.

"ಶಾಹಿಸ್ತಾ ಏನ್ ತಗಂಡ್ಲು?" ಎಂದು ಕೇಳಿದ.

"ಕೆಮಿಸ್ಟ್ರಿ."

"ಹಂಗಾರೆ ನಿಂದೂ ಅದೇ. ಅದಕ್ಕೇನು ಯೋಚ್ನಿ?"

ರಶ್ಮಿತಾ ಒಳಗೆ ಹೋದಳು. ಅವಳಿಗೆ ರಸಾಯನಶಾಸ್ತ್ರ ಅಂದರೆ ಪ್ರತಿ ಪರೀಕ್ಷೆಯೂ ಒಂದು ಗಂಡಾಂತರ. ಹೋದ ಸಲ ಒಂದು ಪೇಪರ್ ಕೈಕೊಟ್ಟು ಮತ್ತೆ ಬರೆದು ಪಾಸಾಗಿದ್ದಳು. ಸಸ್ಯಶಾಸ್ತ್ರದಲ್ಲಿ ಮಾತ್ರ ತರಗತಿಗೇ ಮುಂದು. ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಸಿಗುವ ನೀರುಗಿಡಗಳನ್ನು ತಂದು, ಹಳೆ ಪೇಪರಿನ ನಡುವೆ ಇಟ್ಟು, ಹಾಸಿಗೆ ಕೆಳಗೆ ಒತ್ತಿ ಒಣಗಿಸುತ್ತಿದ್ದಳು. "ಹಾಸ್ಗಿ ಎಲ್ಲಾ ಕೆರಿ ವಾಸ್ನಿ ಹೊಡಿತೈತೆ" ಎಂದು ಅವ್ವ ಕೆಂಚಕ್ಕ ಬೈಯದ ದಿನವಿರಲಿಲ್ಲ.

ಆ ಹೊತ್ತಿಗೆ ಪಕ್ಕದ ಮನೆಯ ಸೊಸೆ ಸರೋಜಾ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಸರೋಜಾ ಲೋಕಿಕೆರೆಯ ಹೆಣ್ಣುಮಗಳು. ಇದೇ ವಿಶ್ವವಿದ್ಯಾಲಯದಲ್ಲಿ ನಾಲ್ಕನೇ ವರ್ಷದ ಆನರ್ಸ್ ಮುಗಿಸಿ, ಈಗ ದಾವಣಗೆರೆಯ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ರಶ್ಮಿತಾಳ ಮುಖ ನೋಡಿ ಕೇಳಿದಳು.

"ಯಾಕವ್ವ, ಮಾರಿ ಹಿಂಗೈತೆ?"

ರಶ್ಮಿತಾ ಹೇಳಿದಳು. ಸರೋಜಾ ಹೆಪ್ಪಿನ ಬಟ್ಟಲು ಅಲ್ಲೇ ಇಟ್ಟು ಅಂಗಳಕ್ಕೆ ಬಂದಳು.

"ಮಾವ, ಒಂದ್ ಮಾತು. ಮೇಜರ್ ಅಂದ್ರೆ ಬಸ್ಸಿನಾಗ ಸೀಟು ಹಿಡಿದಂಗಲ್ಲ. ಗೆಳತಿ ಕೂತಳು ಅಂತ ನಾವೂ ಅಲ್ಲೇ ಕೂಡಾಕೆ ಆಗಲ್ಲ. ನಮ್ಮ ತರಗತಿನಾಗ ಬಕ್ಕೇಶ್ ಅಂತ ಒಬ್ಬ ಇದ್ದ. ಗೆಳೆಯರ ಹಿಂದೆ ಹೋಗಿ ಫಿಸಿಕ್ಸ್ ತಗಂಡ. ಒಂದು ವರ್ಷ ಒದ್ದಾಡಿದ. ಆನರ್ಸಿಗೆ ಹೋಗಬೇಕು ಅಂತ ಆಸೆ ಇತ್ತು, ಅಂಕ ಸಾಲಲಿಲ್ಲ."

"ಅಲ್ಲಮ್ಮ, ಬಾಟ್ನಿ ಅಂದ್ರೆ ಗಿಡ ನೋಡೋದು. ಹುಲ್ಲು ನೋಡಾಕೆ ಯೂನಿವರ್ಸಿಟಿಗೆ ಯಾಕ ಹೋಗ್ಬೇಕು? ನಮ್ಮ ಗದ್ದೆ ಬದಿನಾಗ ಬೇಕಾದಷ್ಟು ಐತೆ" ಎಂದ ಸಣ್ಣತಿಮ್ಮಪ್ಪ. "ಕೆಮಿಸ್ಟ್ರಿ ಆದ್ರೆ ದಾವಣಗೆರೆ ಕರೂರು ಕಡೆ ಫ್ಯಾಕ್ಟ್ರಿನಾಗಾದ್ರೂ ಕೆಲಸ ಸಿಗ್ತೈತೆ ಅಂತಾರೆ."

"ಯಾರಂತಾರೆ?"

"ಎಲ್ಲಾರೂ ಅಂತಾರೆ."

"ಎಲ್ಲಾರೂ ಅಂದಿದ್ದು ಬ್ಯಾಡ ಮಾವ. ನೀವೇ ಒಂದ್ಸಲ ಹೋಗಿ ನೋಡ್ಕಂಡು ಬರ್ರಿ. ವಿಭಾಗದಾಗ ಕೇಳಿದ್ರೆ ಹೇಳ್ತಾರೆ. ಮುಂದಿನ ವರ್ಷ ಏನು ಪಾಠ ಐತೆ, ಪ್ರಾಕ್ಟಿಕಲ್ ಎಷ್ಟೊತ್ತಿಗೆ ಮುಗಿತೈತೆ, ಹೋದ ವರ್ಷ ಓದಿದೋರು ಈಗ ಏನು ಮಾಡ್ತಾರೆ, ಎಲ್ಲಾ ಕೇಳ್ರಿ. ಅದೇನು ಗುಟ್ಟಲ್ಲ."

"ನಂಗೇನು ತಿಳಿತೈತೆ ಅಲ್ಲಿ?"

"ಕೇಳಾಕೆ ಡಿಗ್ರಿ ಬೇಕಾಗಿಲ್ಲ ಬಿಡ್ರಿ" ಎಂದು ಸರೋಜಾ ನಕ್ಕಳು.

ಮರುದಿನ ಸಣ್ಣತಿಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳ ಜೊತೆ ಹೊರಟ. ಕ್ಯಾಂಪಸ್ಸಿನ ಕಟ್ಟಡಗಳನ್ನು ನೋಡಿ ಹೆಗಲ ಮೇಲಿನ ಟವೆಲ್ಲನ್ನು ಎರಡು ಸಲ ಸರಿಮಾಡಿಕೊಂಡ. ಸಸ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದಾಗ ಅಲ್ಲಿನ ಮೇಡಂ ತಡೆದರು.

"ಚಪ್ಪಲಿ ಇರಲಿ. ಬರ್ರಿ, ಕೂಡ್ರಿ."

ಸಣ್ಣತಿಮ್ಮಪ್ಪ ಕುರ್ಚಿಯ ತುದಿಯಲ್ಲಿ ಕೂತು, ಮನಸ್ಸಿನಲ್ಲಿದ್ದುದನ್ನು ನೇರವಾಗಿ ಕೇಳಿದ. "ಆನರ್ಸ್ ಅಂತಾರಲ್ಲ, ಅಂದ್ರೆ ಸನ್ಮಾನ ಏನ್ರಿ? ಹಾರ, ಶಾಲು?"

ಮೇಡಂ ನಗಲಿಲ್ಲ. "ಹಾಗಲ್ಲ. ಮೂರು ವರ್ಷ ಮುಗಿದ್ರೆ ಡಿಗ್ರಿ ಕೈಗೆ ಬರುತ್ತೆ. ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಹೋಗಬಹುದು. ಇನ್ನೂ ಆಳವಾಗಿ ಓದಬೇಕು, ಸ್ವಂತ ಒಂದು ಸಂಶೋಧನೆ ಮಾಡಬೇಕು ಅನ್ನೋರು ಇನ್ನೊಂದು ವರ್ಷ ಓದ್ತಾರೆ. ಅದು ಆನರ್ಸ್. ಅದಕ್ಕೆ ಅಂಕ ಚೆನ್ನಾಗಿರಬೇಕು, ಬಾಕಿ ಪೇಪರ್ ಉಳಿಸ್ಕೋಬಾರದು. ನಿಮ್ಮ ಮಗಳು ಈಗಲೇ ಅದನ್ನ ತೀರ್ಮಾನ ಮಾಡಬೇಕಿಲ್ಲ. ಆದ್ರೆ ಆ ಬಾಗಿಲು ಮುಚ್ಚದ ಹಾಗೆ ಮೇಜರ್ ಆರಿಸ್ಕೋಬೇಕು. ಮತ್ತೆ, ನಿಯಮ ಬ್ಯಾಚಿಂದ ಬ್ಯಾಚಿಗೆ ಬದಲಾಗುತ್ತೆ. ಅವಳ ಬ್ಯಾಚಿನ ಸುತ್ತೋಲೆನೇ ಓದಿಸ್ರಿ."

"ಬಾಟ್ನಿ ತಗಂಡ್ರೆ ಕೆಮಿಸ್ಟ್ರಿ ಪೂರ್ತಿ ಹೋಯ್ತಾ?"

"ಇಲ್ಲ, ಮೈನರ್ ಆಗಿ ಇರುತ್ತೆ. ಓದಿದ್ದು ಯಾವುದೂ ಹಾಳಾಗಲ್ಲ."

ತೆರೆದ ಬಾಗಿಲಿನಾಚೆ, ಪಕ್ಕದ ಕೋಣೆಯಲ್ಲಿ ಅಂಕಿತಾ ಎಂಬ ಆನರ್ಸ್ ವಿದ್ಯಾರ್ಥಿನಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಳು. ಮೇಜಿನ ಮೇಲೆ ಭತ್ತದ ಗರಿಗಳು. ಗರಿಯ ಮೇಲೆ ಕಂದು ಚುಕ್ಕೆ. ಸಣ್ಣತಿಮ್ಮಪ್ಪ ಅದನ್ನು ನೋಡಿದ್ದೇ ಕುರ್ಚಿ ಬಿಟ್ಟು ಎದ್ದು ಹೋದ.

"ಏನವ್ವ, ಇದು ನಮ್ಮ ಗದ್ದೆನಾಗೂ ಬರ್ತೈತೆ. ಒಂದು ಮಡಿಗೆ ಬರ್ತೈತೆ, ಪಕ್ಕದ ಮಡಿಗೆ ಬರಲ್ಲ. ಅದು ಯಾಕ?"

ಅಂಕಿತಾ ತಲೆ ಎತ್ತಿದಳು. "ಗೊತ್ತಿಲ್ಲ ಅಂಕಲ್. ನೀರು ನಿಲ್ಲೋದಿರಬಹುದು, ಮಣ್ಣಿರಬಹುದು, ಬೀಜನೇ ಇರಬಹುದು. ನಂದು ಆನರ್ಸ್ ಪ್ರಾಜೆಕ್ಟೇ ಅದು. ಈ ವರ್ಷ ಪೂರ್ತಿ ಅದನ್ನೇ ಹುಡುಕ್ತೀನಿ."

ಅವಳು ಕುರ್ಚಿಯಿಂದ ಎದ್ದು ಅವನಿಗೆ ಜಾಗ ಬಿಟ್ಟಳು. ಸಣ್ಣತಿಮ್ಮಪ್ಪ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಆ ಗಾಜಿನೊಳಗೆ ನೋಡಿದ.

ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಆ ಹುಡುಗಿ ಗೊತ್ತಿಲ್ಲ ಅಂದ್ಲು ನೋಡು. ನಾನು ಔಷಧಿ ಅಂಗಡಿಯಾತನ್ನ ಇಷ್ಟು ವರ್ಷ ಕೇಳೀನಿ. ಆತ ಒಂದ್ಸಲನಾದ್ರೂ ಗೊತ್ತಿಲ್ಲ ಅಂದಾನಾ? ಡಬ್ಬಿ ತೆಗ್ದು ಕೈಗೆ ಕೊಡ್ತಾನೆ. ಇವಳು ಹುಡುಕ್ತೀನಿ ಅಂತಾಳೆ. ಓದು ಅಂದ್ರೆ ಅದೇ ಇರಬೇಕು."

ರಶ್ಮಿತಾ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

"ಆದ್ರೂ ಬಾಟ್ನಿ ಬ್ಯಾಡ" ಎಂದ ಅವನು. "ಅಲ್ಲಿ ಕೇಳ್ದೆ. ಮಂಗಳವಾರ, ಗುರುವಾರ ಪ್ರಾಕ್ಟಿಕಲ್ ಮುಗಿಯೋದು ಸಂಜಿಗಂತೆ. ಶಾಹಿಸ್ತಾ ಮೊದ್ಲೇ ಬಂದಿರ್ತಾಳೆ. ಇವಳು ಒಬ್ಳೇ ಬರ್ಬೇಕು."

ಕೆಂಚಕ್ಕ ಪ್ರತಿ ವಾರ ಕೊತ್ತಂಬರಿ, ಮೆಂತೆ ಸೊಪ್ಪಿನ ಗಂಟು ಹೊತ್ತು ದಾವಣಗೆರೆ ಮಾರ್ಕೆಟ್ಟಿಗೆ ಹೋಗಿ ಮಾರಿ ಬರುವವಳು. ಗಂಡನ ತಟ್ಟೆಗೆ ಸಾರು ಬಡಿಸುತ್ತಾ ಕೇಳಿದಳು.

"ನಾನು ಸೊಪ್ಪು ತಗಂಡು ಹೋಗ್ತೀನಲ್ಲ, ನನ್ನ ಜತಿಗೆ ಯಾರ್ ಬರ್ತಾರೆ?"

"ನಿಂದು ಬ್ಯಾರೆ. ನೀನು ದೊಡ್ಡಾಕಿ."

"ಮೊದ್ಲ ಸಲ ಹೋದಾಗ ನಾನು ಇವಳಿಗಿಂತ ಸಣ್ಣಾಕಿ. ಇವಳಿನ್ನೂ ಹುಟ್ಟಿರ್ಲಿಲ್ಲ. ಕತ್ತಲಿರುವಾಗ ಬಸ್ ಹತ್ತಿಸಿದೋರು ನೀವೇ. ಅವತ್ತು ಯಾರೂ ಜತಿ ಕೇಳ್ಲಿಲ್ಲ."

ಸಣ್ಣತಿಮ್ಮಪ್ಪ ಊಟ ಮುಗಿಸಿ, ಕೈ ತೊಳೆದು, ಬಾಗಿಲ ಹತ್ತಿರ ನಿಂತು ಹೇಳಿದ. "ಬಸ್ ಹತ್ತಿದ ಕೂಡ್ಲೆ ಫೋನ್ ಮಾಡಾಕೆ ಹೇಳು." ಅವನು ಒಪ್ಪಿದ್ದು ಹಾಗೆ.

ಉಳಿದದ್ದು ಶಾಹಿಸ್ತಾಗೆ ಹೇಳುವ ಕೆಲಸ. ಅಪ್ಪನಿಗೆ ಹೇಳುವುದಕ್ಕಿಂತ ಅದೇ ರಶ್ಮಿತಾಳಿಗೆ ಕಷ್ಟವಾಗಿತ್ತು. ಶುಕ್ರವಾರ ಬಸ್ಸಿನಲ್ಲಿ ಹೇಳಿದಳು. ಶಾಹಿಸ್ತಾ ಕಿಟಕಿ ಕಡೆ ಮುಖ ತಿರುಗಿಸಿದಳು. ದಾವಣಗೆರೆ ಬರುವವರೆಗೂ ತಿರುಗಲಿಲ್ಲ. ಇಳಿಯುವಾಗ ಹೇಳಿದಳು.

"ನಾನು ಹೇಳಿಕೊಡ್ತೀನಿ ಅಂದಿದ್ನಲ್ಲೇ, ಕೆಮಿಸ್ಟ್ರಿ."

"ಎಷ್ಟು ದಿನ ಹೇಳಿಕೊಡ್ತೀಯ? ಪರೀಕ್ಷೆ ನಾನೇ ಬರೀಬೇಕು."

"ಅದಲ್ಲ. ನಂಗೂ ಅಲ್ಲಿ ಒಬ್ಳೇ ಕೂಡಾಕೆ ಹೆದ್ರಿಕೆ. ಅದಕ್ಕೇ ನಿನ್ನ ಎಳೀತಿದ್ದೆ."

ಇಬ್ಬರೂ ಬಸ್ ನಿಲ್ದಾಣದ ನಳದಲ್ಲಿ ನೀರು ಕುಡಿದರು. ಆಮೇಲೆ ಶಾಹಿಸ್ತಾ ಕ್ಯಾಂಪಸ್ಸಿನ ಬಸ್ಸಿಗೆ ಓಡಿ, ಸೀಟು ಹಿಡಿದು, ಪಕ್ಕದ ಜಾಗದ ಮೇಲೆ ರಶ್ಮಿತಾಳಿಗೆಂದು ಬ್ಯಾಗ್ ಇಟ್ಟಳು. ಶನಿವಾರ ಇಬ್ಬರೂ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಕೂತು ತಮ್ಮ ತಮ್ಮ ಮೇಜರ್ ಆರಿಸಿದರು.

ಮೊದಲ ಮಂಗಳವಾರ ಸಂಜೆ ಸಣ್ಣತಿಮ್ಮಪ್ಪ ಕೊಂಡಜ್ಜಿಯ ಬಸ್ ಸ್ಟಾಪಿನಲ್ಲಿ ಹೋಗಿ ನಿಂತ. ಬಸ್ಸಿನಿಂದ ಮಗಳು ಇಳಿದಳು. ಹಿಂದೆಯೇ ಊರಿನ ನಾಲ್ಕಾರು ಹೆಂಗಸರು, ಕೆಲಸ ಮುಗಿಸಿ ಬಂದವರು, ಮಾತಾಡುತ್ತಾ ಇಳಿದರು. ಬಸ್ಸಿನ ತುಂಬ ಊರವರೇ ಇದ್ದರು. ಮುಂದಿನ ವಾರದಿಂದ ಅವನು ಹೋಗಲಿಲ್ಲ.

ವರ್ಷ ಮುಗಿಯಿತು. ಶಾಹಿಸ್ತಾ ಮೂರು ವರ್ಷದ ಡಿಗ್ರಿಗೆ ನಿಲ್ಲಿಸಿ, ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಸೇರಿದಳು. ಅವಳಿಗೆ ಬೇಕಾಗಿದ್ದು ಅದೇ. ರಶ್ಮಿತಾ ಒಂದು ಪೇಪರನ್ನೂ ಬಾಕಿ ಉಳಿಸಿಕೊಳ್ಳದೆ ಪಾಸಾಗಿ ಆನರ್ಸಿಗೆ ಹೆಸರು ಕೊಟ್ಟಳು. ನೆರೆಯವರು "ಇನ್ನೊಂದು ವರ್ಷ ಯಾಕಪ್ಪ?" ಎಂದು ಕೇಳಿದರೆ ಸಣ್ಣತಿಮ್ಮಪ್ಪ ಈಗ, "ಕೂಡ್ರಿ, ಹೇಳ್ತೀನಿ" ಎನ್ನುತ್ತಾನೆ.

ಓದುವ ಮಕ್ಕಳೇ, ಓದಿಸುವ ತಂದೆತಾಯಿಗಳೇ, ನಿಮ್ಮ ಮನೆಯಲ್ಲೂ ಈ ದಿನ ಬರುತ್ತದೆ. ಗೆಳತಿ ಏನು ತೆಗೆದುಕೊಂಡಳು, ಊರವರು ಏನಂದರು ಎಂಬುದರ ಮೇಲೆ ಮೇಜರ್ ಆರಿಸಬೇಡಿ. ಯಾವ ವಿಷಯವನ್ನು ಯಾರೂ ಹೇಳದಿದ್ದರೂ ಕೂತು ಓದುತ್ತೀರಿ, ಅಂಕಪಟ್ಟಿ ಯಾವುದರ ಕಡೆ ಇದೆ, ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ ವಿಭಾಗಕ್ಕೆ ಹೋಗಿ. ಪಾಠ, ವೇಳಾಪಟ್ಟಿ, ಆನರ್ಸ್ ನಿಯಮ ಎಲ್ಲವನ್ನೂ ಬಾಯಿಬಿಟ್ಟು ಕೇಳಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಸಾರ್ವಜನಿಕ ವಿಶ್ವವಿದ್ಯಾಲಯ ನಮ್ಮೆಲ್ಲರದು. ಅದರ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಡಬೇಕಾಗಿಲ್ಲ. ಕೊನೆಯ ದಿನಕ್ಕೆ ಕಾಯಬೇಡಿ, ನಾಳೆಯೇ ಹೋಗಿ ಕೇಳಿ.