ಚೀಲ ತೊಳೆದ ನೀರು

ಕಾಲುವೆ ಬಂದ ಮರುವರ್ಷ ನಮ್ಮೂರಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಯೂರಿಯಾ ಬಂತು. ಖಾಲಿ ಚೀಲ ತೊಳೆದು, ಬಿಚ್ಚಿ ಹೊಲಿದರೆ ಭತ್ತದ ರಾಶಿಯ ಕೆಳಗೆ ಹಾಸಲು ಒಳ್ಳೆಯ ಗುಡಾರ. ಅವತ್ತು ಆರು ಚೀಲ ತೊಳೆಯಲು ಕೂತೆ. ಗಂಡ ಅಂಬ್ರಪ್ಪ ಒಂದು ಎತ್ತಿನ ಗೊರಸಿಗೆ ನಾಲು ಬಡಿಸಲು ಶಹಾಪುರಕ್ಕೆ ಹೋಗಿದ್ದ. ಇನ್ನೊಂದು, ಕೆಂದ ಎತ್ತು, ಮನೆಯಲ್ಲೇ ಇತ್ತು.

ಚೀಲದ ಮೂಲೆಗಳಲ್ಲಿ ಗೊಬ್ಬರ ಗಟ್ಟಿಯಾಗಿ ಕೂತಿತ್ತು. ಬಕೆಟ್ಟಿನಲ್ಲಿ ಅದ್ದಿ ಕಿವುಚಿದೆ, ಕರಗಿತು. ನೀರು ತಿಳಿಯಾಗೇ ಉಳಿಯಿತು, ಆ ಬಿಸಿಲಲ್ಲೂ ತಣ್ಣಗಿತ್ತು. ಚೆಲ್ಲಲು ಕೈ ಬರಲಿಲ್ಲ. ಹರದಾರಿ ನಡೆದು ಕೊಡ ಹೊತ್ತವಳು ನಾನು, ಕಾಲುವೆ ಬಂದರೂ ಆ ಬುದ್ಧಿ ಹೋಗಿರಲಿಲ್ಲ. ಪಾತ್ರೆ ತೊಳೆದ ನೀರನ್ನೂ ದನಕ್ಕೆ ಹಾಕುವ ಮನೆ ನಮ್ಮದು. ಎತ್ತಿನ ಮುಂದಿನ ಕಲ್ಲುದೋಣಿಗೆ ಸುರಿದೆ. ಬಾಯಾರಿತ್ತು ಪಾಪ, ತಳ ಕಾಣುವ ತನಕ ಕುಡಿಯಿತು.

ಅರ್ಧ ತಾಸಿಗೆ ಎತ್ತು ನಡುಗತೊಡಗಿತು. ಬಾಯಲ್ಲಿ ನೊರೆ ಬಂತು, ಹೊಟ್ಟೆ ಉಬ್ಬಿತು. ಪಕ್ಕದ ಮನೆಯ ಬಾಲಮ್ಮ ಓಡಿಹೋಗಿ ದನದ ಡಾಕ್ಟರ್ ಜಲಾಲುದ್ದೀನ ಸಾಹೇಬರನ್ನು ಕರೆತಂದಳು.

“ಏನ್ ತಿನ್ಸೀರಿ ತಾಯಿ?”

“ಜೋಳದ ಕಣಿಕಿ ರೀ.”

“ಕುಡಿಸಿದ್ದು?”

“ಬರೇ ನೀರ್ರಿ.”

ಅವರು ಹೊಟ್ಟೆ ಉಬ್ಬರಕ್ಕೆಂದು ಎಣ್ಣೆ ಕುಡಿಸಿದರು, ಸೂಜಿ ಹಾಕಿದರು. ಎತ್ತು ಒಂದು ಸಲ ಕೂಗಿ ಕಾಲು ಚಾಚಿತು, ಉಸಿರು ನಿಂತಿತು.

ಆಮೇಲೆ ಅವರ ಕಣ್ಣು ಬೇಲಿಯ ಮೇಲಿನ ಹಸಿ ಚೀಲಗಳತ್ತ ಹೋಯಿತು. “ತೊಳದ ನೀರ್ ಎಲ್ಲಿ ಹಾಕಿದ್ರಿ?”

ನಾನು ದೋಣಿ ತೋರಿಸಿದೆ. “ನೀರು ತಿಳೀನೇ ಇತ್ರಿ, ತಣ್ಣಗಿತ್ತು.”

“ಸಾರಿನಾಗ ಉಪ್ಪು ಕಣ್ಣಿಗಿ ಕಾಣ್ತದೇನ್ರಿ? ಕರಗಿದ್ದು ಎಲ್ಲಿಗೂ ಹೋಗಂಗಿಲ್ಲ, ಅಷ್ಟೂ ನೀರಾಗೇ ಇರ್ತದ. ದನದ ಹೊಟ್ಟಿಗಿ ಅದು ವಿಷ. ಯೂರಿಯಾ ಕರಗುವಾಗ ನೀರಿನ ಬಿಸಿ ಎಳ್ಕೊಂತದ, ಅದಕ್ಕ ತಣ್ಣಗಾಗ್ತದ. ಮೊದಲೇ ಗೊತ್ತಾಗಿದ್ರ ಹುಳಿ ಸಿರ್ಕಾ, ಅದೇ ವಿನೆಗರ್, ಕುಡಿಸಿ ನೋಡ್ತಿದ್ದೆ.”

ಇಪ್ಪತ್ತು ವರ್ಷ ಸಾರಿಗೆ ಉಪ್ಪು ಹಾಕಿದವಳಿಗೆ ಇದನ್ನು ಇನ್ನೊಬ್ಬರು ಹೇಳಬೇಕಾಯಿತು. ಬಾಲಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಹಾವು ಕಡೀತು ಅಂತ ಹೇಳು,” ಅಂದಳು ಅವಳು. “ಅಂಬ್ರಪ್ಪ ನಂಬ್ತಾನ.”

ನಂಬುತ್ತಿದ್ದ. ಇಷ್ಟು ವರ್ಷದಲ್ಲಿ ನನ್ನ ಒಂದು ಮಾತನ್ನೂ ಅವನು ಎರಡನೇ ಸಲ ಕೇಳಿದವನಲ್ಲ. ಅದಕ್ಕೇ ನನಗೆ ಸುಳ್ಳು ಹೇಳಲು ಆಗಲಿಲ್ಲ. ನಿಜ ಹೇಳಿದರೆ ಆ ನಂಬಿಕೆ ಉಳಿಯುತ್ತದೋ ಇಲ್ಲವೋ ಅನ್ನುವ ಹೆದರಿಕೆಯೂ ಇತ್ತು.

ಹೊತ್ತು ಮುಳುಗುವಾಗ ಬಂದ. ಅಂಗಳದಲ್ಲಿ ಮಲಗಿದ್ದ ಎತ್ತನ್ನು ನೋಡಿ, ಹಿಡಿದು ತಂದಿದ್ದ ಎತ್ತಿನ ಹಗ್ಗ ಕೈಬಿಟ್ಟ.

“ನಾನೇ ಕುಡಿಸೀನಿ,” ಅಂದೆ. “ಗೊಬ್ಬರದ ಚೀಲ ತೊಳದ ನೀರು. ನನಗ ತಿಳೀಲಿಲ್ಲ.”

ಅವನು ಎತ್ತಿನ ಕೊಂಬಿನ ಮೇಲೆ ಕೈಯಿಟ್ಟು ಕೂತ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಬಿಸಿಲಲ್ಲಿ ನಡೆದು ಬಂದವನ ಬಾಯಿ ಒಣಗಿತ್ತು. ಒಂದು ಚೆಂಬು ನೀರು ತಂದುಕೊಟ್ಟೆ. ಅವನು ಚೆಂಬಿನೊಳಗೆ ನೋಡಿದ. ಬಾಗಿಲ ಬೆಳಕಿಗೆ ವಾಲಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಕೊಡ ತೆಗೆದುಕೊಂಡು ತಾನೇ ಕಾಲುವೆಯ ಕಡೆ ನಡೆದ.