ಗಡಿಗೋಲಿನ ಮೇಲಿನ ಆಶೀರ್ವಾದ

ನಾನು ಕೆನ್ಯಾ, ತಾಂಜಾನಿಯಾ ನಡುವಿನ ಗಡಿಯೂರೊಂದರ ಅಡ್ಡಗೋಲು. ಹುಟ್ಟಿದ್ದು ನೀಲಗಿರಿ ಮರವಾಗಿ. ಕಡಿದು, ಕೆಂಪು ಬಿಳಿ ಬಣ್ಣ ಬಳಿದು, ಬುಡಕ್ಕೆ ಕಲ್ಲು ಕಟ್ಟಿ ರಸ್ತೆಗೆ ಅಡ್ಡ ಇಟ್ಟರು. ಏಳುವುದು, ಇಳಿಯುವುದು, ಇಷ್ಟೇ ನನ್ನ ಕಸುಬು.

ಅಕ್ಕಪಕ್ಕದ ಮನೆಗಳಾದರೂ ಈ ಎರಡು ದೇಶಗಳ ದಾರಿ ಬೇರೆ. ಕೆನ್ಯಾ ಅಂಗಡಿಯವನ ಹಾಗೆ. ಪಶ್ಚಿಮದ ಬಂಡವಾಳಕ್ಕೆ ಬಾಗಿಲು ಸದಾ ತೆರೆದಿತ್ತು. ತಾಂಜಾನಿಯಾ ಹಟಮಾರಿ ಮೇಷ್ಟರ ಹಾಗೆ. ಯಾರ ಬಣಕ್ಕೂ ಸೇರೆನೆಂದಿತು, ಚೀನಾದವರ ನೆರವಿನಿಂದ ರೈಲುಹಳಿ ಹಾಕಿತು, ಆಫ್ರಿಕಾದ ದಕ್ಷಿಣ ಭಾಗದ ಸ್ವಾತಂತ್ರ್ಯ ಹೋರಾಟಗಾರರಿಗೆ ನೆಲೆ ಕೊಟ್ಟಿತು. ಕೊನೆಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದಾಯಿತು. ೧೯೭೭ರಲ್ಲಿ ತಾಂಜಾನಿಯಾ ಗಡಿ ಮುಚ್ಚಿತು. ನನ್ನನ್ನು ಇಳಿಸಿ ಬೀಗ ಜಡಿದರು.

ಮೂರನೇ ತಿಂಗಳಿಗೆ ತಾಂಜಾನಿಯಾ ಕಡೆಯ ಮಸಾಯಿ ಬುಡಕಟ್ಟಿನ ಮುದುಕಿ ಸಿಮಲೊಯ್ ಕುಂಟುತ್ತ ಬಂದಳು. ಕೆನ್ಯಾಕ್ಕೆ ಕೊಟ್ಟಿದ್ದ ಮಗಳು ನಶಿಪಾಯಿ ಹೆತ್ತಿದ್ದಳು. ಮಸಾಯಿಗಳಲ್ಲಿ ಹಿರಿಯರು ಎಳೆಗೂಸಿನ ನೆತ್ತಿಗೆ ತುಸು ಉಗುಳಿ ಹರಸುತ್ತಾರೆ. ಅಷ್ಟು ಮಾಡಿ ಹೋಗಬೇಕೆಂದು ಅವಳ ಆಸೆ.

ಕಾವಲುಗಾರ ಮುಶಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. "ದೊಡ್ಡೋರು ಮಾತಾಡ್ತಾ ಇದಾರಂತೆ ಕಣವ್ವಾ. ಮುಂದಿನ ವಾರ ತೆಗೀತಾರೆ" ಎಂದುಬಿಟ್ಟ.

ನನ್ನಾಚೆ, ಯಾರೂ ಕಾಲಿಡಬಾರದ ಬಯಲಿನ ಆ ತುದಿಯಿಂದ ಮಗಳು ಕೂಗಿದಳು: "ಪೊದೆ ದಾರೀಲಿ ಬಂದ್ಬಿಡ್ಲಾ ಅವ್ವಾ? ಎಲ್ರೂ ಬರ್ತಾರೆ."

"ಬೇಡ ಕಣೇ. ಹರಸೋ ಕೂಸನ್ನ ಕಳ್ಳಮಾಲಿನ ಹಾಗೆ ತರ್ತಾರಾ? ಮುಂದಿನ ವಾರ ತೆಗೀತಾರಂತಲ್ಲ."

ಆ ಮುಂದಿನ ವಾರ ಬರಲು ಆರು ವರ್ಷ ಹಿಡಿಯಿತು. ಮುದುಕಿ ಪ್ರತಿ ವಾರ ಬಂದು, ಅಂಗೈಗೆ ಉಗುಳಿ ನನ್ನ ಮೈಗೆ ಸವರಿ, "ಕೂಸು ಬಂದಾಗ ನೀನೇ ಕೊಡಪ್ಪಾ" ಎನ್ನುತ್ತಿದ್ದಳು. ಗೇಣುದ್ದ ಬಣ್ಣ ಸವೆದೇ ಹೋಯಿತು. ಹೋರಾಟಗಾರರಿಗೆ ಜಾಗ ಕೊಟ್ಟ ಮನೆ, ಬಂಡವಾಳಕ್ಕೆ ಜಾಗ ಕೊಟ್ಟ ಮನೆ, ಎರಡರ ನಡುವೆ ಒಬ್ಬ ಮುದುಕಿಗೆ ದಾರಿಯಿರಲಿಲ್ಲ. ಅಯ್ಯೋ, ಮುರಿದು ಬೀಳಬಾರದೇ ಎಂದು ಎಷ್ಟು ಹಂಬಲಿಸಿದೆ! ನೀಲಗಿರಿ ಗಟ್ಟಿ ಮರ, ಮುರಿಯಲಿಲ್ಲ.

೧೯೮೩ರ ನವೆಂಬರಿನಲ್ಲಿ ಗಡಿ ತೆರೆಯಿತು. ಸಿಮಲೊಯ್ ಸತ್ತು ಇಪ್ಪತ್ತು ದಿನವಾಗಿತ್ತು. ನಶಿಪಾಯಿ ಆರು ವರ್ಷದ ಮಗಳನ್ನು ಕರೆತಂದಳು. ಮುಶಿ ನನ್ನನ್ನು ತಕ್ಷಣ ಎತ್ತಲಿಲ್ಲ.

"ಸುಳ್ಳು ಹೇಳಿ ಕಾಯಿಸಿದೋನು ನಾನು ತಾಯೀ" ಎಂದು ಅಳುತ್ತ, ಬಣ್ಣ ಸವೆದ ಜಾಗ ತೋರಿಸಿದ. ನಶಿಪಾಯಿ ಮಗಳನ್ನು ಎತ್ತಿ ಅವಳ ನೆತ್ತಿಯನ್ನು ಅಲ್ಲಿಗೆ ತಾಗಿಸಿದಳು.

ಈಗ ಅಲ್ಲಿ ಕಬ್ಬಿಣದ ಕೋಲಿದೆ. ನಾನು ಚಹಾದಂಗಡಿಯ ಮುಂದೆ ಎರಡು ಕಲ್ಲುಗಳ ಮೇಲೆ ಬಿದ್ದಿದ್ದೇನೆ. ನನ್ನ ಮೇಲೆ ಕುಳಿತವರು ಯಾವ ದೇಶದ ನೀತಿ ಸರಿಯಿತ್ತೆಂದು ವಾದಿಸುತ್ತಾರೆ. ನನಗೆ ತಿಳಿಯದು.

ಆ ಮಗು ಈಗ ಅಜ್ಜಿ. ಮೊನ್ನೆ ಮೊಮ್ಮಗಳನ್ನು ಎತ್ತಿಕೊಂಡು ಬಂದು, ವಾದಿಸುವವರನ್ನು ಎಬ್ಬಿಸಿ, ಆ ಗೇಣುದ್ದದ ಜಾಗ ಹುಡುಕಿ ಕೂಸಿನ ನೆತ್ತಿ ತಾಗಿಸಿದಳು. ಆ ಮುದುಕಿಯನ್ನು ತಡೆದದ್ದು ನಾನೇ ಎಂದು ಅವಳಿಗೆ ಗೊತ್ತು. ಆದರೂ ಬರುತ್ತಾಳೆ.